ಪೊರಕೆ ಕೈ ಬದಲಾಯಿಸಿದರೆ ಸಮಾನತೆ ಬಂತಾ?

"ನಮ್ಮನೇಲಿ ಸಮಾನತೆ ಇದೆ ರೀ. ನಮ್ಮೆಜಮಾನ್ರು ನನ್ನ ಕೈಲಿ ಒಂದು ಲೋಟಾನೂ ತೊಳೆಸಲ್ಲ."

ಮಹಿಳಾ ದಿನಾಚರಣೆಯ ಸಭೆಗಳಲ್ಲಿ ಈ ಮಾತನ್ನ ಎಷ್ಟು ಸಲ ಕೇಳಿದ್ದೀನೋ ಲೆಕ್ಕವಿಲ್ಲ. ಹೇಳುವ ಅಕ್ಕಂದಿರ ಮುಖದಲ್ಲಿ ನಿಜವಾದ ಖುಷಿ ಇರುತ್ತೆ, ಅದನ್ನ ನಾನು ಅನುಮಾನಿಸಲ್ಲ. ನಾನು ಕೇಳೋದು ಒಂದೇ ಪ್ರಶ್ನೆ: ಆ ಲೋಟ ಯಾರು ತೊಳೀತಾರೆ ಅಕ್ಕಾ?

ಯಜಮಾನ್ರು ತೊಳೆಯಲ್ಲ. ಮಗ ತೊಳೆಯಲ್ಲ. ಬೆಳಗ್ಗೆ ಆರೂವರೆಗೆ ಗೇಟಿನಲ್ಲಿ ಬ್ಯಾಗು ತೋರಿಸಿ, ರಿಜಿಸ್ಟರಿಗೆ ಸಹಿ ಹಾಕಿ, ಸರ್ವಿಸ್ ಲಿಫ್ಟಿನಲ್ಲಿ ಮೇಲೆ ಬರುವ ಇನ್ನೊಬ್ಬ ಹೆಂಗಸು ತೊಳೀತಾಳೆ. ಅಂದ್ರೆ ನಿಮ್ಮ ಮನೆಯಲ್ಲಿ ಪೊರಕೆ ಗಂಡಸಿನ ಕೈಗೆ ಹೋಗಲಿಲ್ಲ. ಒಬ್ಬ ಹೆಂಗಸಿನ ಕೈಯಿಂದ ಇನ್ನೊಬ್ಬ ಹೆಂಗಸಿನ ಕೈಗೆ ಬಂತು. ಗಂಡಸು ಮೊದಲು ಎಲ್ಲಿ ಕೂತಿದ್ದನೋ ಈಗಲೂ ಅಲ್ಲೇ ಕೂತಿದ್ದಾನೆ, ಪೇಪರ್ ಬದಲು ಮೊಬೈಲ್ ಹಿಡ್ಕೊಂಡು.

ಇದನ್ನ ಸಮಾನತೆ ಅಂತ ಕರೆಯೋಕೆ ನಾನು ತಯಾರಿಲ್ಲ.

ನನ್ನ ಮಾತು ಬಿಡಿ, ಸರ್ಕಾರದ ಲೆಕ್ಕವನ್ನೇ ನೋಡಿ. ದೇಶದಲ್ಲಿ ಯಾರು ದಿನದ 24 ಗಂಟೆಯನ್ನ ಹೇಗೆ ಕಳೀತಾರೆ ಅಂತ ಕೇಂದ್ರ ಸರ್ಕಾರ ಸಮೀಕ್ಷೆ ಮಾಡಿಸುತ್ತೆ. 2019ರಲ್ಲಿ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 299 ನಿಮಿಷ ಕೊಡ್ತಿದ್ದರು, ಗಂಡಸರು 97 ನಿಮಿಷ. 2024ರ ಹೊತ್ತಿಗೆ ಹೆಂಗಸರದು 289 ಆಯ್ತು. ಪರವಾಗಿಲ್ಲ, ಹತ್ತು ನಿಮಿಷ ಉಳೀತು ಅಂತ ಸಂತೋಷ ಪಡೋ ಮೊದಲು ಪಕ್ಕದ ಅಂಕಿ ನೋಡಿ. ಗಂಡಸರದು 88ಕ್ಕೆ ಇಳಿದಿದೆ! ಅದೂ ಇದು ಮನೆಗೆಲಸಕ್ಕೆ ಕೈ ಹಾಕಿದ ಗಂಡಸರ ಸರಾಸರಿ ಮಾತ್ರ. ಪೊರಕೆ, ಸೌಟು ಯಾವುದನ್ನೂ ಮುಟ್ಟದ ಬಹುಪಾಲು ಗಂಡಸರು ಈ ಲೆಕ್ಕದೊಳಗೇ ಇಲ್ಲ.

ಇನ್ನು ಆ ಲೋಟ ತೊಳೆಯುವ ಅಕ್ಕನ ಮನೆಗೆ ಬನ್ನಿ. ಆಕೆ ಆರೂವರೆಗೆ ನಿಮ್ಮ ಗೇಟಿನಲ್ಲಿರಬೇಕಾದರೆ ನಾಲ್ಕೂವರೆಗೆ ಎದ್ದಿರಬೇಕು. ನೀರು ಹಿಡಿದು, ಅಡುಗೆ ಮಾಡಿಟ್ಟು ಬಂದಿರ್ತಾಳೆ. ಉಳಿದ ಕೆಲಸ ಯಾರು ಮಾಡ್ತಾರೆ? ಅವಳ ಗಂಡ ಅಲ್ಲ. ಎಂಟನೇ ಕ್ಲಾಸಿನ ಅವಳ ಮಗಳು. ತಮ್ಮನಿಗೆ ಸ್ನಾನ ಮಾಡಿಸಿ, ಮುಸುರೆ ತಿಕ್ಕಿ, ಮನೆ ಗುಡಿಸಿ, ಆಮೇಲೆ ಸ್ಕೂಲು. ಸ್ಕೂಲಿಗೆ ಲೇಟಾಗಿ ಹೋಗೋದು, ಆಮೇಲೆ ವಾರಕ್ಕೆರಡು ದಿನ ತಪ್ಪಿಸೋದು, ಆಮೇಲೆ ಬಿಟ್ಟೇ ಬಿಡೋದು. ನಿಮ್ಮ ಮನೆಯ ಪೊರಕೆ ಮೂರು ಕೈ ದಾಟಿ ಒಂದು ಹುಡುಗಿಯ ಪುಸ್ತಕ ಕಿತ್ಕೊಂಡಿತು. ಈ ಎರಡೂ ಮನೆಯಲ್ಲಿ ಗಂಡಸಿನ ಕೈ ಮಾತ್ರ ಖಾಲಿ.

ಪೊರಕೆ ಹೀಗೆ ಕೆಳಕ್ಕೆ ಇಳಿಯುವಾಗ ಯಾವ ಕೈಗೆ ಹೋಗಬೇಕು ಅಂತ ನಿರ್ಧಾರ ಮಾಡೋದು ಜಾತಿ. ಕೆಲಸ ಕೇಳ್ಕೊಂಡು ಹೋದ ಹೆಂಗಸಿಗೆ ಮೊದಲ ಪ್ರಶ್ನೆ "ಯಾವ ಊರು?" ಎರಡನೇದು "ನಿಮ್ಮ ಕಡೆ ಏನು?" ಈ "ಏನು" ಅಂದ್ರೆ ಏನು ಅಂತ ಕೇಳೋರಿಗೂ ಗೊತ್ತು, ನಮಗೂ ಗೊತ್ತು. ಉತ್ತರ ಇಷ್ಟವಾದರೆ ಅಡುಗೆಮನೆ. ಇಲ್ಲದಿದ್ದರೆ ಬಚ್ಚಲು, ಕಕ್ಕಸು, ಕಾರಿಡಾರು. ಸಂಬಳದಲ್ಲೂ ಅದೇ ಅಂತರ. ಸಂಘದ ಕೆಲಸಕ್ಕೆ ನಾನು ಹೋಗುವ ಕಡೆಯೆಲ್ಲಾ ಕಾಫಿಗೆ ಬೇರೆ ಲೋಟ ನೋಡಿದ್ದೀನಿ. ಅದು ಸಿಂಕಿನ ಕೆಳಗೆ, ಇಲ್ಲವೇ ಬಾಲ್ಕನಿಯ ವಾಷಿಂಗ್ ಮೆಷಿನ್ ಪಕ್ಕ ಇರುತ್ತೆ. ಹಳ್ಳಿಯ ಹೋಟೆಲಿನ ಎರಡು ಲೋಟ ಪದ್ಧತಿ ಬಗ್ಗೆ ಲೇಖನ ಓದಿ ಕಣ್ಣೀರು ಹಾಕುವ ಮನೆಗಳಲ್ಲೂ ಇದೆ. ಕೇಳಿದರೆ "ಅದು ಹೈಜೀನ್ ಕಣ್ರೀ" ಅಂತಾರೆ. ನಿಮ್ಮ ತಟ್ಟೆ ತೊಳೆಯೋ ಕೈ ಶುಚಿ, ಅದೇ ಕೈ ಹಿಡಿಯೋ ಲೋಟ ಮಾತ್ರ ಅಶುಚಿ. ಇದ್ಯಾವ ಊರಿನ ಹೈಜೀನು?

ಹಳ್ಳಿ ಕಥೆಯೂ ಇದೇ. ನಮ್ಮ ಕಡೆ ಹೆಣ್ಣಾಳಿಗೊಂದು ಕೂಲಿ, ಗಂಡಾಳಿಗೊಂದು ಕೂಲಿ. ಹೊಲದಲ್ಲಿ ಬೆಳಗಿನಿಂದ ಬೈಗಿನವರೆಗೆ ಸೊಂಟ ಬಗ್ಗಿಸಿ ಕಳೆ ಕಿತ್ತವಳಿಗೆ ಕಮ್ಮಿ. ಸಮಾನ ವೇತನದ ಕಾಯ್ದೆ ಬಂದಿದ್ದು 1976ರಲ್ಲಿ. ನಮ್ಮ ಅವ್ವಂದಿರು ಗಂಡಸರ ಸಮ ಕೂಲಿ ಅಂತ ಮೊದಲು ಕೈಯಲ್ಲಿ ಎಣಿಸಿದ್ದು 2005ರ ನರೇಗಾ ಕಾಯ್ದೆ ಬಂದಮೇಲೆ. ಹೊಲದ ಮನೆಯಲ್ಲಿ ಕೂಲಿ ಎಣಿಸಿಕೊಡುವವಳು ಎಷ್ಟೋ ಸಲ ಹೆಂಗಸೇ. ಗಂಡನ ಎದುರು ತನ್ನ ಮಾತು ನಡೆಯಲ್ಲ ಅಂತ ಅಳುವ ಆ ಅಕ್ಕ, ಹೆಣ್ಣಾಳಿನ ಕೂಲಿ ಹತ್ತು ರೂಪಾಯಿ ಏರಿಸಿ ಅಂದ್ರೆ ಗಂಡನಿಗಿಂತ ಗಟ್ಟಿಯಾಗಿ ಮಾತಾಡ್ತಾಳೆ.

ಇಲ್ಲಿಗೆ ಬಂದ ತಕ್ಷಣ ಗಂಡಸರು ನಗೋಕೆ ಶುರು ಮಾಡ್ತಾರೆ. "ನೋಡಿದ್ರಾ, ಹೆಣ್ಣಿಗೆ ಹೆಣ್ಣೇ ಶತ್ರು!"

ತಮ್ಮಂದಿರೇ, ಸ್ವಲ್ಪ ನಿಲ್ಲಿ. ಈ ಗಾದೆಯಿಂದ ಲಾಭ ಯಾರಿಗೆ? ಸೊಸೆ ಅತ್ತೆಯ ಜೊತೆ ಜಗಳ ಆಡ್ತಿದ್ದರೆ ಮಗ ಊಟ ಮಾಡಿ ಎದ್ದು ಹೋಗ್ತಾನೆ. ಕೆಲಸದಾಕೆ ಅಮ್ಮಾವರ ಜೊತೆ ಜಗಳ ಆಡ್ತಿದ್ದರೆ ಸಾಹೇಬರು ಒಳ್ಳೆಯವರಾಗ್ತಾರೆ. ಮನೆಯ ದುಡ್ಡು, ಜಮೀನಿನ ಪಹಣಿ, ಜಾತಿಯ ಮರ್ಯಾದೆ ಎಲ್ಲಾ ಗಂಡಸಿನ ಹೆಸರಲ್ಲಿ. ಅದರ ಕಾವಲು ಕೆಲಸ ಮಾತ್ರ ಹೆಂಗಸರಿಗೆ. ಕಾವಲುಗಾರ್ತಿ ಜೊತೆ ಜಗಳ ಆಡ್ತಾ ಆಡ್ತಾ ಖಜಾನೆ ಯಾರದ್ದು ಅಂತ ನಾವೇ ಮರೆತುಬಿಡ್ತೀವಿ. ಹಾಗಂತ ಕಾವಲುಗಾರ್ತಿಯನ್ನ ನಾನು ಮಾಫಿ ಮಾಡ್ತಿಲ್ಲ. ಅವಳಿಗೆ ಹೇಳ್ತಿರೋದು ಇಷ್ಟೇ: ಈ ಖಜಾನೆ ನಿನ್ನದೂ ಅಲ್ಲ ಕಣಕ್ಕಾ, ಬೀಗದ ಕೈ ಕೆಳಗಿಡು.

ಶಕ್ತಿ ಯೋಜನೆ ನೆನಪಿಸಿಕೊಳ್ಳಿ. 2023ರ ಜೂನ್ 11ರಂದು ರಾಜ್ಯದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಯ್ತು. ಮಾರನೇ ದಿನದಿಂದಲೇ ತಮಾಷೆ, ಮೀಮ್ಸು. "ಹೆಂಗಸರು ಮನೆ ಮಠ ಬಿಟ್ಟು ಊರೂರು ಸುತ್ತಾವ್ರೆ," "ಧರ್ಮಸ್ಥಳ ತುಂಬೋಯ್ತು." ಗಂಡಸರು ಹೇಳಿದ್ದರಲ್ಲಿ ಆಶ್ಚರ್ಯವಿಲ್ಲ. ಕಾರು, ಸ್ಕೂಟಿ ಇರೋ ಅಕ್ಕಂದಿರೂ ಅದನ್ನೇ ಫಾರ್ವರ್ಡ್ ಮಾಡಿದರು, ನಮ್ಮ ಟ್ಯಾಕ್ಸ್ ದುಡ್ಡು ಅಂದರು. ಗಾರ್ಮೆಂಟ್ಸಿನ ಹುಡುಗಿಗೆ, ಮನೆಗೆಲಸದ ಅಕ್ಕನಿಗೆ ತಿಂಗಳಿಗೆ ಉಳಿದ ಬಸ್ ಚಾರ್ಜು ಅಂದ್ರೆ ಒಂದು ಸಿಲಿಂಡರ್ ದುಡ್ಡು, ಮಗುವಿನ ಟ್ಯೂಷನ್ ದುಡ್ಡು. ಹುಟ್ಟಿದಾಗಿನಿಂದ ತವರಿಗೆ ಹೋಗೋಕೂ ಗಂಡನ ಜೇಬು ನೋಡಬೇಕಾದವಳು ಒಂದು ದಿನ ಯಾರನ್ನೂ ಕೇಳದೆ ಬಸ್ ಹತ್ತಿ ದೇವಸ್ಥಾನ ನೋಡ್ಕೊಂಡು ಬಂದ್ಲು. ಅದಕ್ಕೆ ಉರಿ ಯಾಕೆ? ಗಂಡಸರು ಊರೂರು ಸುತ್ತೋದಕ್ಕೆ ಯಾರೂ ಲೆಕ್ಕ ಕೇಳಲಿಲ್ಲವಲ್ಲ.

ಈಗ ಸಾಲದ ವಿಷಯಕ್ಕೆ ಬರ್ತೀನಿ. ಹೌದು, ಸಾಲ. ಈ ದೇಶದ ಓದಿದ, ಉಳ್ಳ ಹೆಣ್ಣುಮಕ್ಕಳು ಕೆಳಗಿನ ಹೆಣ್ಣುಮಕ್ಕಳಿಗೆ, ನಮ್ಮ ಹಿರಿಯರಿಗೆ ಇಟ್ಕೊಂಡಿರೋ ಸಾಲ.

ಇವತ್ತು ಆಫೀಸಿನಲ್ಲಿ ಬಾಸ್ ಕೆಟ್ಟದಾಗಿ ನಡ್ಕೊಂಡರೆ ದೂರು ಕೊಡೋಕೆ ಸಮಿತಿ ಇದೆ. 2013ರ ಕಾಯ್ದೆ. ಅದಕ್ಕೆ ಮೊದಲು 1997ರ ವಿಶಾಖಾ ತೀರ್ಪು. ಆ ತೀರ್ಪಿನ ಹಿಂದೆ ಇರೋದು ರಾಜಸ್ಥಾನದ ಭಟೇರಿ ಹಳ್ಳಿಯ ಭಂವರಿ ದೇವಿ. ಕುಂಬಾರ ಸಮುದಾಯದ ಹೆಂಗಸು, ಸರ್ಕಾರದ ಕಾರ್ಯಕ್ರಮದಲ್ಲಿ 'ಸಾಥಿನ್' ಆಗಿ ದುಡೀತಿದ್ದವರು. ಮೇಲಿನವರ ಮನೆಯ ಬಾಲ್ಯವಿವಾಹ ತಡೆಯೋಕೆ ಹೋದರು ಅನ್ನೋ ಕಾರಣಕ್ಕೆ 1992ರಲ್ಲಿ ಆಕೆಯ ಮೇಲೆ ಸಾಮೂಹಿಕ ಅತ್ಯಾಚಾರ ಆಯ್ತು. 1995ರಲ್ಲಿ ಕೆಳಗಿನ ಕೋರ್ಟು ಆರೋಪಿಗಳನ್ನ ಅತ್ಯಾಚಾರದ ಆರೋಪದಿಂದ ಬಿಡುಗಡೆ ಮಾಡ್ತು. ಮೇಲ್ಜಾತಿಯವರು ಕೆಳಜಾತಿಯವಳನ್ನ ಮುಟ್ಟೋರಲ್ಲ ಅನ್ನೋ ಧಾಟಿಯ ತರ್ಕ ಬೇರೆ! ಆಕೆಗೆ ನ್ಯಾಯ ಸಿಗಲಿಲ್ಲ. ಆಕೆಯಿಂದ ದೇಶದ ಆಫೀಸುಗಳಿಗೆಲ್ಲಾ ಕಾನೂನು ಸಿಕ್ಕಿತು.

ಅದಕ್ಕೂ ಮೊದಲು ಮಥುರಾ. 1972ರಲ್ಲಿ ಮಹಾರಾಷ್ಟ್ರದ ಪೊಲೀಸ್ ಠಾಣೆಯೊಳಗೇ ಪೊಲೀಸರಿಂದ ಅತ್ಯಾಚಾರಕ್ಕೊಳಗಾದ ಆದಿವಾಸಿ ಹುಡುಗಿ. ಸುಪ್ರೀಂ ಕೋರ್ಟು ಕೊನೆಗೆ ಪೊಲೀಸರನ್ನ ಬಿಟ್ಟಿತು. ದೇಶದ ಹೆಣ್ಣುಮಕ್ಕಳು ಬೀದಿಗಿಳಿದರು, 1983ರಲ್ಲಿ ಅತ್ಯಾಚಾರದ ಕಾನೂನೇ ಬದಲಾಯ್ತು. ಅವಳಿಗೂ ನ್ಯಾಯ ಸಿಗಲಿಲ್ಲ.

ಇನ್ನೂ ಹಿಂದೆ ಹೋಗೋಣ. 1863ರಲ್ಲಿ ಅವ್ವ ಸಾವಿತ್ರಿಬಾಯಿ ಮತ್ತು ಜ್ಯೋತಿಬಾ ಪುಣೆಯಲ್ಲಿ ಬಸುರಾದ ವಿಧವೆಯರಿಗೆ ಆಶ್ರಯ ಕೊಡೋಕೆ ಮನೆ ತೆರೆದರು. ಮಾಳಿ ಜಾತಿಯ ಹೆಣ್ಣುಮಗಳು ಬಾಗಿಲು ತೆರೆದಿದ್ದು ಯಾರಿಗೆ? ತಲೆ ಬೋಳಿಸಿ ಮೂಲೆಗೆ ತಳ್ಳಲ್ಪಟ್ಟ ಬ್ರಾಹ್ಮಣ ವಿಧವೆಯರಿಗೆ. ಶಾಲೆಗೆ ಹೋಗುವ ದಾರಿಯಲ್ಲಿ ತನ್ನ ಮೇಲೆ ಸಗಣಿ ಎಸೆದ ಊರಿನದೇ ಹೆಣ್ಣುಮಕ್ಕಳ ಬಾಣಂತನ ಮಾಡಿದರು. ಅವರಲ್ಲೊಬ್ಬರ ಮಗುವನ್ನೇ ದತ್ತು ತಗೊಂಡು ಯಶವಂತ ಅಂತ ಹೆಸರಿಟ್ಟು ಸಾಕಿದರು.

ಬಾಬಾಸಾಹೇಬರು 1951ರಲ್ಲಿ ಮಂತ್ರಿ ಪದವಿಗೆ ರಾಜೀನಾಮೆ ಕೊಟ್ಟಿದ್ದಕ್ಕೆ ಹಲವು ಕಾರಣಗಳಿದ್ದವು. ದೊಡ್ಡ ಕಾರಣ ಹಿಂದೂ ಕೋಡ್ ಬಿಲ್ಲು ಮೂಲೆಗೆ ಬಿದ್ದಿದ್ದು. ಅದರಲ್ಲಿದ್ದ ಆಸ್ತಿ ಹಕ್ಕು ಅವತ್ತು ಯಾರಿಗೆ ಬೇಕಿತ್ತು ಹೇಳಿ? ನಮ್ಮ ಹಟ್ಟಿಯಲ್ಲಿ ಪಾಲು ಹಾಕೋಕೆ ಗುಂಟೆ ಜಮೀನೂ ಇರಲಿಲ್ಲ. ಆಸ್ತಿ ಇದ್ದಿದ್ದು ಮೇಲಿನ ಮನೆಗಳಲ್ಲಿ, ಅದು ಸಿಗದೇ ಇದ್ದಿದ್ದು ಆ ಮನೆಗಳ ಹೆಣ್ಣುಮಕ್ಕಳಿಗೆ. ಆಮೇಲೆ ಬಿಲ್ಲು ತುಂಡು ತುಂಡಾಗಿ ಕಾಯ್ದೆಯಾಯ್ತು, 1956ರಲ್ಲಿ ಉತ್ತರಾಧಿಕಾರ ಕಾಯ್ದೆ ಬಂತು, ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನ ಸಮ ಹಕ್ಕು ದೇಶಕ್ಕೆಲ್ಲಾ ಬರೋಕೆ 2005 ಆಯ್ತು. ಅಪ್ಪನ ಸೈಟಿನಲ್ಲಿ ಪಾಲು ತಗೊಂಡ ಅಕ್ಕ, ಆ ಪತ್ರದ ಹಿಂದೆ ಒಬ್ಬ ಮಹಾರ್ ಮಗನ ರಾಜೀನಾಮೆ ಇದೆ ಅಂತ ತನ್ನ ಮಕ್ಕಳಿಗೆ ಯಾವತ್ತಾದರೂ ಹೇಳಿದ್ದಾಳಾ?

ಐಕ್ಯತೆ ಅನ್ನೋದನ್ನ ನಮಗೆ ಯಾರೂ ಕಲಿಸಬೇಕಾಗಿಲ್ಲ. ಕೆಳಗಿನಿಂದ ಮೇಲಕ್ಕೆ ಅದು ಯಾವಾಗಲೋ ಹರಿದುಹೋಗಿದೆ. ಮೇಲಿನಿಂದ ಕೆಳಕ್ಕೆ ಇನ್ನೂ ಬಂದಿಲ್ಲ.

1855ರಲ್ಲಿ ಫುಲೆ ದಂಪತಿಯ ಶಾಲೆಯಲ್ಲಿ ಓದುತ್ತಿದ್ದ ಮಾಂಗ್ ಹುಡುಗಿ ಮುಕ್ತಾಬಾಯಿ, ಮಾಂಗ್ ಮಹಾರ್ ಜನರ ನೋವಿನ ಬಗ್ಗೆ ಒಂದು ಪ್ರಬಂಧ ಬರೆದಳು. ನಮ್ಮ ಹೆಂಗಸರು ಹೆರುವಾಗ ಮೇಲೊಂದು ಸೂರೂ ಇರಲ್ಲ, ಮಳೆ ಚಳಿಯಲ್ಲಿ ಅವರ ಪಾಡೇನು, ನಿಮ್ಮ ನಿಮ್ಮ ಹೆರಿಗೆಯನ್ನ ನೆನೆಸಿಕೊಂಡು ಯೋಚನೆ ಮಾಡಿ ಅನ್ನುವ ಅರ್ಥದಲ್ಲಿ ಕೇಳಿದಳು. ಅವಳು ಕರುಣೆ ಕೇಳಲಿಲ್ಲ ನೋಡಿ. ನಿನ್ನ ಮೈಯ ನೋವಿನಿಂದ ನನ್ನ ಮೈಯ ನೋವು ಅಳೆದು ನೋಡು ಅಂದಳು. ಹೆಣ್ಣುಮಕ್ಕಳ ಐಕ್ಯತೆಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ನನಗೆ ಸಿಕ್ಕಿಲ್ಲ. 170 ವರ್ಷ ಆಯ್ತು, ಆ ಹುಡುಗಿಗೆ ಉತ್ತರ ಇನ್ನೂ ಬಾಕಿ.

ಇಲ್ಲೀವರೆಗೆ ಓದಿ ಚಪ್ಪಾಳೆ ತಟ್ಟುತ್ತಿರೋ ನಮ್ಮ ಅಣ್ಣಂದಿರೇ, ಈಗ ನಿಮ್ಮ ಸರದಿ.

1986ರಲ್ಲಿ ಚಂದ್ರಗುತ್ತಿಯ ಬೆತ್ತಲೆ ಸೇವೆ ವಿರುದ್ಧ ದಸಂಸ ನಿಂತಿದ್ದನ್ನ ನಾವೆಲ್ಲಾ ಎದೆಯುಬ್ಬಿಸಿ ಹೇಳ್ಕೋತೀವಿ. ಹೇಳ್ಕೋಬೇಕು. ನಮ್ಮ ಹೆಣ್ಣುಮಕ್ಕಳ ಮಾನಕ್ಕೆ ಚಳವಳಿ ಮೈಮೇಲೆ ಏಟು ತಿಂದಿದೆ. ಆದರೆ ಅದೇ ಚಳವಳಿಯ ಇವತ್ತಿನ ವೇದಿಕೆ ನೋಡಿ. ಬ್ಯಾನರಿನಲ್ಲಿ ಹನ್ನೆರಡು ಫೋಟೋ, ಅದರಲ್ಲಿ ಹೆಂಗಸು ಒಂದು, ಅದೂ ತುದಿಯಲ್ಲಿ. ಮಾತಾಡೋಕೆ ಮೈಕು ಸಿಗೋದು ಊಟದ ಹೊತ್ತಿಗೆ, "ಅಕ್ಕ, ಎರಡೇ ನಿಮಿಷ" ಅಂತ. ಜಾಥಾದ ದಿನ ಅನ್ನ ಸಾರು ಮಾಡೋರು ಯಾರು? ಬೆಳಗಿನ ಜಾವದವರೆಗೆ ಮೀಟಿಂಗ್ ಮಾಡಿ ಬಂದ ನಾಯಕನಿಗೆ ಬಾಗಿಲು ತೆಗೆದು ಮುದ್ದೆ ಬಿಸಿ ಮಾಡಿ ಇಡೋಳು ಯಾರು? ಸಂವಿಧಾನದ ಪೀಠಿಕೆಯನ್ನ ಬಾಯಿಪಾಠ ಹೇಳೋ ಅಣ್ಣ, ಹೆಂಡತಿ ಸಂಘದ ಸಭೆಗೆ ಹೊರಟರೆ "ಮನೇಲಿ ಮಕ್ಕಳನ್ನ ಯಾರು ನೋಡ್ಕೋತಾರೆ?" ಅಂತಾನೆ. ನೀನು ನೋಡ್ಕೋ ಅಣ್ಣಾ. ಅವು ನಿನ್ನ ಮಕ್ಕಳೂ ಹೌದು.

ಕುಡಿದು ಬಂದು ಹೊಡೆಯೋದಕ್ಕೆ "ನಮ್ಮ ಕೇರಿ ಮಾತು ಹೊರಗೆ ಹೋದರೆ ಮೇಲಿನೋರು ನಗ್ತಾರೆ" ಅಂತ ಬಾಯಿ ಮುಚ್ಚಿಸೋದನ್ನೂ ನಿಲ್ಲಿಸಿ. ಸಮುದಾಯದ ಮರ್ಯಾದೆಯನ್ನ ಹೆಂಗಸಿನ ಬೆನ್ನ ಮೇಲಿನ ಬಾಸುಂಡೆಯಿಂದ ಕಾಪಾಡೋಕಾಗಲ್ಲ. 1942ರ ಜುಲೈ 20ರಂದು ನಾಗಪುರದಲ್ಲಿ ನಮ್ಮ ಹೆಣ್ಣುಮಕ್ಕಳು ಸಾವಿರಾರು ಜನ ಸೇರಿ ತಮ್ಮದೇ ಸಮ್ಮೇಳನ ಮಾಡಿದರು. ವಿಚ್ಛೇದನದ ಹಕ್ಕು ಬೇಕು, ಬಹುಪತ್ನಿತ್ವ ಬೇಡ, ದುಡಿಯುವ ಹೆಂಗಸರಿಗೆ ರಜೆ ಬೇಕು ಅಂತ ನಿರ್ಣಯ ಮಾಡಿದರು. ಬಾಬಾಸಾಹೇಬರು ಅಲ್ಲಿ ಹೇಳಿದ್ದು, ಒಂದು ಸಮುದಾಯ ಎಷ್ಟು ಮುಂದೆ ಬಂದಿದೆ ಅನ್ನೋದನ್ನ ಆ ಸಮುದಾಯದ ಹೆಂಗಸರು ಎಷ್ಟು ಮುಂದೆ ಬಂದಿದ್ದಾರೆ ಅನ್ನೋದರಿಂದ ತಾನು ಅಳೀತೀನಿ ಅಂತ. ಆ ಕೋಲು ಹಿಡಿದು ನಿಮ್ಮ ನಿಮ್ಮ ಅಡುಗೆಮನೆ ಅಳೆದು ನೋಡಿ. ಜೈ ಭೀಮ್ ಅನ್ನೋ ಬಾಯಿಗೆ ಆ ಹಕ್ಕು ಆಮೇಲೆ.

ಇನ್ನು ನನ್ನದೇ ಕೇರಿಯ ಕೆಲವು ಗೆಳತಿಯರು ಕೇಳ್ತಾರೆ, "ಇಷ್ಟೆಲ್ಲಾ ಗೊತ್ತಿದ್ದೂ ಅವರ ಜೊತೆ ಐಕ್ಯತೆ ಯಾಕೆ ಅಕ್ಕಾ? ನಮ್ಮ ದಾರಿ ನಮಗೆ, ಬಿಟ್ಹಾಕು." ಅವರ ಸಿಟ್ಟು ನನಗೂ ಇದೆ. ಆದರೂ ಬಿಟ್ಟುಹಾಕೋಕೆ ಒಪ್ಪಲ್ಲ, ಯಾಕಂದ್ರೆ ಹೆಂಗಸರು ಒಟ್ಟಿಗೆ ನಿಂತರೆ ಏನಾಗುತ್ತೆ ಅಂತ ಬೆಂಗಳೂರು ಕಣ್ಣಾರೆ ನೋಡಿದೆ.

2016ರ ಏಪ್ರಿಲ್. ಕೇಂದ್ರ ಸರ್ಕಾರ ಪಿಎಫ್ ನಿಯಮ ಬದಲಿಸಿ, ಮಾಲೀಕರ ಪಾಲಿನ ದುಡ್ಡನ್ನ 58 ವರ್ಷದವರೆಗೆ ತೆಗೆಯೋ ಹಾಗಿಲ್ಲ ಅಂತು. ಗಾರ್ಮೆಂಟ್ಸಿನಲ್ಲಿ ಕಣ್ಣು, ಸೊಂಟ ಸವೆಸಿದ ಯಾವ ಹೆಂಗಸು 58ರವರೆಗೆ ಮಷಿನ್ ಮುಂದೆ ಕೂತಿರ್ತಾಳೆ? ಮಗಳ ಫೀಸು, ಆಸ್ಪತ್ರೆ, ಸಾಲ ಎಲ್ಲಕ್ಕೂ ಅದೇ ದುಡ್ಡು. ದೊಡ್ಡ ನಾಯಕರು ಯಾರೂ ಕರೆ ಕೊಡಲಿಲ್ಲ. ಏಪ್ರಿಲ್ 18ಕ್ಕೆ ಸಾವಿರಾರು ಹೆಂಗಸರು ಫ್ಯಾಕ್ಟರಿಯಿಂದ ಎದ್ದು ಹೊಸೂರು ರಸ್ತೆಗೆ ಬಂದರು. ಲಾಠಿ ತಿಂದರು. 19ಕ್ಕೆ ದೆಹಲಿ ಆ ನಿಯಮ ವಾಪಸ್ ತಗೊಂಡಿತು. ಎರಡೇ ದಿನ! ಆ ರಸ್ತೆಯಲ್ಲಿ ನಿಂತವರಲ್ಲಿ ನಮ್ಮವರಿದ್ದರು, ಗೌಡರ ಮನೆಯವರಿದ್ದರು, ಲಿಂಗಾಯತರಿದ್ದರು, ಮುಸ್ಲಿಂ ಅಕ್ಕಂದಿರಿದ್ದರು. ಒಂದೇ ಲೈನಿನಲ್ಲಿ ಕೂತು ಒಂದೇ ಸೂಪರ್‌ವೈಸರ್ ಹತ್ರ ಬೈಸಿಕೊಂಡವರಿಗೆ ಭಾಷಣ ಬೇಕಿರಲಿಲ್ಲ.

2022ರ ಜುಲೈನಲ್ಲಿ ಪೌರಕಾರ್ಮಿಕರು ಕೆಲಸ ನಿಲ್ಲಿಸಿ ಫ್ರೀಡಂ ಪಾರ್ಕಿನಲ್ಲಿ ಕೂತಾಗಲೂ ಅಷ್ಟೇ. ಬಹುಪಾಲು ದಲಿತರು, ಬಹುಪಾಲು ಹೆಂಗಸರು. ನಾಲ್ಕು ದಿನಕ್ಕೆ ಕಾಯಂ ಮಾಡುವ ಭರವಸೆ ಸರ್ಕಾರದಿಂದ ಬಂತು. ಆ ನಾಲ್ಕು ದಿನ ಊರೆಲ್ಲಾ ಕಸದ ವಾಸನೆ ಬಗ್ಗೆ ಮಾತಾಡಿತು. ಇವರು ಮುಟ್ಟಿನ ದಿನ ಬೀದಿ ಗುಡಿಸುವಾಗ ಬಟ್ಟೆ ಬದಲಾಯಿಸೋಕೆ ಎಲ್ಲಿ ಹೋಗ್ತಾರೆ ಅಂತ ಎಷ್ಟು ಮನೆಯ ಅಕ್ಕಂದಿರು ಕೇಳಿದರು? ನಿಮ್ಮ ಮನೆ ಬಾಗಿಲಿಗೆ ದಿನಾ ಬರೋಳು ಅವಳು. ನಿಮ್ಮನೆ ಬಚ್ಚಲ ಬಾಗಿಲು ಅವಳಿಗೆ ತೆರೆದರೆ ನೆಲ ಸವೆಯಲ್ಲ.

ಹಾಗಾಗಿ ಐಕ್ಯತೆ ಬೇಕು ಅಂತಲೇ ನನ್ನ ವಾದ. ಷರತ್ತಿನ ಮೇಲೆ ಬೇಕು. "ನಾವೆಲ್ಲಾ ಹೆಣ್ಣುಮಕ್ಕಳು, ಜಾತಿ ಯಾಕೆ ತರ್ತೀರಾ" ಅನ್ನೋ ಐಕ್ಯತೆ ಬೇಡ. ಜಾತಿ ನಾವು ತಂದಿದ್ದಲ್ಲ, ಅದು ನಿಮ್ಮ ಸಿಂಕಿನ ಕೆಳಗಿನ ಲೋಟದಲ್ಲಿದೆ. ಷರತ್ತುಗಳು ದೊಡ್ಡವೇನಲ್ಲ:

ಒಂದು, ಆ ಬೇರೆ ಲೋಟವನ್ನ ಇವತ್ತೇ ಎಸೀರಿ. ಆಕೆ ನಿಮ್ಮ ಲೋಟದಲ್ಲಿ, ನಿಮ್ಮ ಕುರ್ಚಿ ಮೇಲೆ ಕೂತು ಕಾಫಿ ಕುಡೀಲಿ. ಮೇನ್ ಲಿಫ್ಟಿನಲ್ಲಿ ಬರಲಿ. ಅಸೋಸಿಯೇಷನ್ ಮೀಟಿಂಗಿನಲ್ಲಿ ಆ ಬೋರ್ಡ್ ತೆಗೆಸೋಕೆ ನೀವೇ ಬಾಯಿ ತೆಗೀರಿ.

ಎರಡು, ವಾರಕ್ಕೊಂದು ರಜೆ, ಕಾಯಿಲೆ ಬಿದ್ದರೆ ಸಂಬಳ ಕಟ್ ಮಾಡದ ರಜೆ. ಮನೆಗೆಲಸಕ್ಕೆ ಕನಿಷ್ಠ ವೇತನ ಅಧಿಸೂಚನೆ ಹೊರಡಿಸಿದ ದೇಶದ ಮೊದಲ ರಾಜ್ಯ ಕರ್ನಾಟಕ, 2004ರಲ್ಲೇ. ಆ ದರ ಈಗ ಎಷ್ಟಿದೆ ಅಂತ ವಿಚಾರಿಸಿ, ಅಷ್ಟಾದರೂ ಕೊಡಿ. ಮನೆಗೆಲಸದವರ ಹಕ್ಕಿನ ಅಂತರರಾಷ್ಟ್ರೀಯ ಒಡಂಬಡಿಕೆ 2011ರಲ್ಲಿ ಬಂದಾಗ ಭಾರತ ಅದರ ಪರ ಮತ ಹಾಕಿತು, ಮನೆಗೆ ಬಂದು ಸಹಿ ಹಾಕೋದು ಮರೆತಿತು. ನಿಮ್ಮ ಶಾಸಕರನ್ನ, ಸಂಸದರನ್ನ ಕೇಳುವಾಗ ಇದನ್ನೂ ಸೇರಿಸಿ ಕೇಳಿ.

ಮೂರು, ಲೈಂಗಿಕ ಕಿರುಕುಳದ ಕಾನೂನು ಮನೆಗೆಲಸದವರಿಗೂ ಅನ್ವಯ ಆಗುತ್ತೆ. ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ನಿಮ್ಮನೆ ಗಂಡಸಿನ ಮೇಲೇ ದೂರು ಬಂದರೆ ಏನು ಮಾಡ್ತೀರಿ? ಒಡವೆ ಕದ್ದಳು ಅಂತ ಸ್ಟೇಷನ್ನಿಗೆ ಕಳಿಸ್ತೀರೋ, ಆಕೆಯ ಪಕ್ಕ ನಿಲ್ತೀರೋ? ಐಕ್ಯತೆಯ ಪರೀಕ್ಷೆ ಅವತ್ತು.

ನಾಲ್ಕು, ಎಲ್ಲಕ್ಕಿಂತ ಮುಖ್ಯವಾದದ್ದು. ಪೊರಕೆಯನ್ನ ಕೆಳಕ್ಕೆ ದಾಟಿಸೋ ಮೊದಲು ಪಕ್ಕಕ್ಕೆ ದಾಟಿಸಿ. ಪಕ್ಕದಲ್ಲಿ ಗಂಡ ಇದ್ದಾನೆ, ಮಗ ಇದ್ದಾನೆ, ಅಣ್ಣ ಇದ್ದಾನೆ. ಇದು ಮೇಲಿನ ಮನೆಗೂ ಹೌದು, ನಮ್ಮ ಕೇರಿಗೂ ಹೌದು. ನಮ್ಮಿಬ್ಬರ ಮನೆಯಲ್ಲೂ ಖಾಲಿ ಕೂತಿರುವ ಆ ಕೈಗೆ ಕೆಲಸ ಹತ್ತಿಸೋದೇ ನಾವಿಬ್ಬರೂ ಸೇರಿ ಮಾಡಬೇಕಾದ ಚಳವಳಿ.

ಡಿಸೆಂಬರ್ 25 ಬಂದರೆ ಮನುಸ್ಮೃತಿ ಸುಟ್ಟ ದಿನ ಅಂತ ನಾವು ಆಚರಿಸ್ತೀವಿ. 1927ರಲ್ಲಿ ಮಹಾಡ್‌ನಲ್ಲಿ ಸುಟ್ಟ ಆ ಪುಸ್ತಕದಲ್ಲಿ ಶೂದ್ರನಿಗೂ ಹೆಣ್ಣಿಗೂ ಒಂದೇ ಬೇಲಿ ಹಾಕಿದ್ದರು. ಒಂದೇ ಬೇಲಿಯೊಳಗೆ ಇದ್ದವರು ಒಬ್ಬರ ಮೇಲೊಬ್ಬರು ನಿಂತು ಆಚೆ ಇಣುಕಿ ನೋಡೋದನ್ನ ಬಿಡುಗಡೆ ಅಂದುಕೊಂಡರೆ ಬೇಲಿ ಹಾಗೇ ಇರುತ್ತೆ. ಕೆಳಗೆ ನಿಂತವಳ ಹೆಗಲು ಮಾತ್ರ ಮುರಿಯುತ್ತೆ.

ಅಕ್ಕಂದಿರೇ, ಹೆಗಲಿನಿಂದ ಇಳೀರಿ. ಪಕ್ಕ ಬಂದು ನಿಲ್ಲಿ. ಬೇಲಿ ಕೀಳೋದು ಹೇಗೆ ಅಂತ ನಮ್ಮ ಅವ್ವಂದಿರು ತೋರಿಸಿಕೊಟ್ಟಿದ್ದಾರೆ, ಕೈ ಜೋಡಿಸೋದಷ್ಟೇ ಬಾಕಿ.

ಒಪ್ಪಿಗೆಯಾದರೆ ಹಂಚಿಕೊಳ್ಳಿ. ಒಪ್ಪಿಗೆಯಾಗದಿದ್ದರೆ ಜಗಳಕ್ಕೆ ಬನ್ನಿ, ಕೂತು ಮಾತಾಡೋಣ. ಕಾಫಿ ನಾನೇ ಮಾಡ್ತೀನಿ, ಲೋಟ ಎಲ್ಲರಿಗೂ ಒಂದೇ ಥರದ್ದು.

ಜೈ ಭೀಮ್. ಜೈ ಸಾವಿತ್ರಿ.